ಸೋದರಮಾವ ಮತ್ತು ಸಡಿಲ ನ್ಯೂಕ್ಲಿಯಸ್ಸು

ಭೌತಶಾಸ್ತ್ರ ಕಲಿಸುವವನಿಗೆ ಒಂದು ದೊಡ್ಡ ಸುಖವಿದೆ. ಅವನು ಬೆಳಗಿನ ಪತ್ರಿಕೆಗೆ ಹೆದರಬೇಕಾಗಿಲ್ಲ. ಯಾರ ಸರಕಾರ ಬಿದ್ದರೂ ಪರಮಾಣುವಿನ ನ್ಯೂಕ್ಲಿಯಸ್ಸು ತನ್ನ ಜಾಗದಲ್ಲಿ ಗಟ್ಟಿಯಾಗಿ ಕುಳಿತಿರುತ್ತದೆ. ಕಣಗಳು ಹೆಚ್ಚಿದಷ್ಟೂ ಅದರ ಗಾತ್ರ ಹೆಚ್ಚುತ್ತದೆ. ಲಿಥಿಯಂ ಸಣ್ಣದು, ಸೀಸ ದೊಡ್ಡದು. ಈ ಸತ್ಯವನ್ನು ನಾನು ಮಂಗಳೂರಿನ ಒಂದು ತಲೆಮಾರಿಗೆ ಬೋಧಿಸಿ, ಅದರ ಮೇಲೆಯೇ ತಲೆಯಿಟ್ಟು ನೆಮ್ಮದಿಯಾಗಿ ನಿದ್ರಿಸಿದವನು.

ಆ ನೆಮ್ಮದಿಗೆ ಕಲ್ಲು ಹಾಕಿದವನು ನನ್ನ ಅಳಿಯ, ಅಂದರೆ ಅಕ್ಕನ ಮಗ ಸುಧಾಕರ. ಎಂಬತ್ತರ ದಶಕದ ಕೊನೆಯಲ್ಲಿ ಅವನು ಜಪಾನಿನ ಒಂದು ಪ್ರಯೋಗಾಲಯದಿಂದ ಮದುವೆಯ ಮಾತುಕತೆಗೆಂದು ಊರಿಗೆ ಬಂದ. ಕಂಕನಾಡಿಯ ಅಕ್ಕನ ಮನೆಯಲ್ಲಿ ಅನ್ನಕ್ಕೆ ಬಂಗುಡೆ ಮೀನಿನ ಸಾರು ಕಲಸುತ್ತಾ, ಉಪ್ಪು ಕಡಿಮೆ ಎನ್ನುವಷ್ಟೇ ಸಹಜವಾಗಿ, "ಮಾವ, ಹನ್ನೊಂದು ಕಣಗಳ ಲಿಥಿಯಂ ಉಂಟಲ್ಲ, ಅದರ ಹರವು ಸೀಸದ ಹತ್ತಿರ ಹತ್ತಿರ ಬರ್ತದೆ. ಅಳೆದಾಗಿದೆ" ಎಂದ. ಎತ್ತಿದ ತುತ್ತನ್ನು ತಟ್ಟೆಗಿಳಿಸಿ ನಾನು ವಿವರ ಕೇಳಿದೆ. ಒಂಬತ್ತು ಕಣಗಳು ಒಳಗೆ ಒತ್ತಾಗಿ ಕೂತಿರುತ್ತವಂತೆ. ಉಳಿದೆರಡು ನ್ಯೂಟ್ರಾನುಗಳು ತೀರ ಸಡಿಲ ನಂಟಿನಲ್ಲಿ ಹೊರಗೆ ದೂರದೂರ ಅಲೆಯುತ್ತವಂತೆ. ಒಂದು ಸಭ್ಯ ನ್ಯೂಕ್ಲಿಯಸ್ಸು ಹೀಗೆ ನಡೆದುಕೊಳ್ಳಬಹುದೆಂದು ನನಗೆ ಯಾರೂ ಹೇಳಿರಲಿಲ್ಲ.

ಈ ಆಘಾತ ಆರುವ ಮೊದಲೇ ಮಾತುಕತೆಯ ದಿನ ಬಂತು. ನಮ್ಮ ಬಂಟರಲ್ಲಿ ಮದುವೆಯ ಮಾತು ಅಪ್ಪಂದಿರದಲ್ಲ, ತಾಯಿಯ ಸೋದರರದು. ಹುಡುಗಿಯ ಕಡೆಯಿಂದ ಬಂದವರು ಆಕೆಯ ಸೋದರಮಾವ, ಪಂಪ್‌ವೆಲ್‌ನಲ್ಲಿ ಹೋಟೆಲು ಇಟ್ಟಿದ್ದ ಶೆಟ್ಟರು. ಹುಡುಗ ಹುಡುಗಿ ಆಗಲೇ ಒಪ್ಪಿದ್ದರು. ಶೆಟ್ಟರ ಬಾಯಿಂದ "ಆಗಲಿ" ಎಂಬ ಒಂದು ಮಾತಿಗಾಗಿ ಮನೆಯೆಲ್ಲ ಉಸಿರು ಹಿಡಿದಿತ್ತು. ಮಾತು ನಡೆದದ್ದು ತುಳುವಿನಲ್ಲಿ; ಕನ್ನಡಕ್ಕೆ ಇಳಿಸುತ್ತಿದ್ದೇನೆ.

"ಹುಡುಗ ಅದನ್ನು ಅಳೆಯುವುದು ಎಂತದರಲ್ಲಿ?" ಸುಧಾಕರನ ಲಿಥಿಯಂ ಕಥೆ ಕೇಳಿಯಾದ ಮೇಲೆ ಶೆಟ್ಟರು ಕೇಳಿದರು.

"ಕಾರ್ಬನ್ ಹಲಗೆಗೆ ಹೊಡೆದು," ಎಂದ ಸುಧಾಕರ. "ಒಳಗೆ ಹೋದದ್ದೆಷ್ಟು, ಒಡೆಯದೆ ಆಚೆ ಬಂದದ್ದೆಷ್ಟು ಅಂತ ಎಣಿಸುವುದು. ದೊಡ್ಡದಿದ್ದರೆ ಹೆಚ್ಚು ತಾಗ್ತದೆ, ಹೆಚ್ಚು ಒಡೀತದೆ."

"ನಮ್ಮಲ್ಲಿ ಗ್ಲಾಸು ತೊಳೆಯುವವನೂ ಅದನ್ನೇ ಮಾಡುವುದು. ಅವನ ಸಂಬಳದಲ್ಲಿ ಮುರಿದುಕೊಳ್ತೇನೆ. ಒಡೆಯದಿದ್ದರೆ ಬಾಳಿಕೆ ಎಷ್ಟು?"

"ಕಣ್ಣು ಮಿಟುಕಿಸುವುದರೊಳಗೆ ಹೋಗ್ತದೆ."

ಶೆಟ್ಟರು ಕಾಫಿ ಲೋಟ ಕೆಳಗಿಟ್ಟರು. ಸಂಬಂಧ ಜಾರುವುದನ್ನು ಕಂಡು, ಕುಟುಂಬದ ಹಿರಿಯನಾದ ನಾನು ಗಂಟಲು ಸರಿಮಾಡಿಕೊಂಡು ವಿಜ್ಞಾನದ ರಕ್ಷಣೆಗೆ ನಿಂತೆ. "ಅದು ನಮ್ಮ ಕುಟುಂಬದ ಮನೆ ಇದ್ದ ಹಾಗೆ ಶೆಟ್ರೇ. ಒಂಬತ್ತು ಜನ ಒಳಗೆ ಒಟ್ಟಿಗೆ. ಇಬ್ಬರು ಹೊರಗೆ ತಿರುಗ್ತಾ ಇರ್ತಾರೆ, ಆದರೂ ಮನೆಯ ಲೆಕ್ಕದಲ್ಲೇ." ಮದುವೆ ಮಾತಿನ ಜಗಲಿಯಲ್ಲಿ ತನ್ನ ಮನೆಯನ್ನೇ ಸಡಿಲತೆಗೆ ಉದಾಹರಣೆ ಕೊಟ್ಟ ಮೊದಲ ಸೋದರಮಾವ ನಾನೇ ಇರಬೇಕು.

"ಆ ಇಬ್ಬರಲ್ಲಿ ಒಬ್ಬ ಹೋದರೆ?"

"ಇನ್ನೊಬ್ಬನೂ ನಿಲ್ಲುವುದಿಲ್ಲ," ಎಂದ ಸುಧಾಕರ. ಸತ್ಯ ಹೇಳುವುದನ್ನು ಅವನಿಗೆ ಕಲಿಸಿದವನು ನಾನೇ.

ಶೆಟ್ಟರು ನನ್ನ ಮುಖ ನೋಡಿದರು. "ಈ ಮನೆಯಲ್ಲಿ ಹಾಗೆ ತಿರುಗುವವರು ಯಾರಾದರೂ ಉಂಟೋ?"

ಇಲ್ಲ ಎನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಗೋಳಿಬಜೆಯ ತಟ್ಟೆ ಹಿಡಿದು ಬಂದ ಅಕ್ಕ ಹೇಳಿದಳು: "ಉಂಟಲ್ಲ, ನಿಮ್ಮ ಎದುರೇ ಕೂತಿದ್ದಾನೆ. ಮದುವೆ ಇಲ್ಲ, ಮಕ್ಕಳಿಲ್ಲ, ಜೆಪ್ಪುವಿನಲ್ಲಿ ಒಂದು ರೂಮು. ಊಟದ ಹೊತ್ತಿಗೆ ಮಾತ್ರ ಈ ಮನೆಯವ."

"ಇನ್ನೊಬ್ಬ?"

"ಇನ್ನೊಬ್ಬ ಬೇಡ ಮಾರಾಯ್ರೇ. ಇವ ಒಬ್ಬನೇ ಇಬ್ಬರ ಊಟ ಮಾಡ್ತಾನೆ."

ಲಿಥಿಯಂ ಸೀಸದ ಪಕ್ಕ ಬಂದು ಕೂತಾಗಲೂ ನಾನು ಅಷ್ಟು ಬೆಚ್ಚಿರಲಿಲ್ಲ. ಶೆಟ್ಟರು ಮಾತ್ರ ನಿಧಾನವಾಗಿ ಒಂದು ಗೋಳಿಬಜೆ ಎತ್ತಿಕೊಂಡರು. "ಇವರ ಸಂಗತಿ ನನಗೆ ಗೊತ್ತುಂಟು. ಜೆಪ್ಪುವಿನಲ್ಲಿ ವಿಚಾರಿಸಿಯೇ ಬಂದದ್ದು. ಮನೆಯವರು ಮುಚ್ಚಿಡ್ತಾರೋ ಅಂತ ಒಂದು ಪೆಟ್ಟು ಹಾಕಿ ನೋಡಿದೆ. ಮನೆ ಒಡೆಯಲಿಲ್ಲ. ಆಗಲಿ."

ಸುಧಾಕರ ಸಹೋದ್ಯೋಗಿಯನ್ನು ನೋಡುವಂತೆ ಅವರನ್ನು ನೋಡಿದ. ಶೆಟ್ಟರ ಅಳತೆಯನ್ನು ಎಲ್ಲರೂ ಹೊಗಳಿದರು. ಪೆಟ್ಟು ತಿಂದ ಕಣದ ಗತಿ ಏನಾಯಿತೆಂದು ಮಾತ್ರ ಯಾರೂ ಕೇಳಲಿಲ್ಲ. ಅದು ಉಳಿದ ಗೋಳಿಬಜೆಗಳನ್ನು ಮುಗಿಸಿ, ಎದ್ದು, ಬಹಳ ಘನತೆಯಿಂದ ಜೆಪ್ಪುವಿನ ಕಡೆಗೆ ನಡೆಯಿತು. ಊಟದ ಹೊತ್ತಿಗೆ ಮರಳಿ ಬಂತು.