ಮೇಲಿನವರಿಗೇ ಗೊತ್ತು

"ನನಗೆ ಗೊತ್ತಿಲ್ಲ" ಎಂದು ಒಂದು ಮಾತು ಹೇಳಿ ಮೆಟ್ಟಿಲಿಳಿದಿದ್ದರೆ ಹೊಲಿಗೆಯಕ್ಕನಿಗೆ ಆ ದಿನದ ಫಜೀತಿಯೇ ಇರುತ್ತಿರಲಿಲ್ಲ.

ಬೆಳಗಿನ ಪತ್ರಿಕೆಯಲ್ಲಿ ಚಿತ್ರ ಬಂದಿತ್ತು. ಊರಾಚೆಯ ರಾಕೆಟ್ ಕಾರ್ಖಾನೆಯಲ್ಲಿ ತಯಾರಾದ ಹೊಸ ಎಂಜಿನ್ನು. ಅದರ ಬಾಯಿಯ ಮುಂದೆ ನಿಂತ ಮನುಷ್ಯ ಬಾವಿಯ ದಂಡೆಯಲ್ಲಿ ಕೂತ ಗುಬ್ಬಿಯಂತೆ ಕಾಣುತ್ತಿದ್ದ. ಇಷ್ಟು ದೊಡ್ಡದು ಯಾತಕ್ಕೆ ಎಂದು ಮಾತ್ರ ಎಲ್ಲೂ ಬರೆದಿರಲಿಲ್ಲ. ಆ ಎಂಜಿನ್ನಿಗೆ ಧೂಳು ಕೂರದ ಹಾಗೆ ಗವುಸು ಹೊಲಿದವಳು ಹೊಲಿಗೆಯಕ್ಕ.

"ಅಕ್ಕಾ, ಅದು ಯಾಕೆ ಅಂತ ನನಗೊಬ್ಬಳಿಗಾದ್ರೂ ಹೇಳಿ" ಎಂದು ಎದುರುಮನೆಯ ನರ್ಸಮ್ಮ ಮೆಟ್ಟಿಲಿಗೇ ಅಡ್ಡ ನಿಂತಳು.

ಮದುವೆಯಾದಾಗಿನಿಂದ ಹೊಲಿಗೆಯಕ್ಕನನ್ನು ಜನ ಕೇಳುತ್ತಿದ್ದುದು ಎರಡೇ ಮಾತು: ಅಡುಗೆ ಆಯಿತೇ, ನೀರು ಬಂತೇ. ಆಕಾಶದ ವಿಷಯ ಅವಳನ್ನು ಯಾರೂ ಕೇಳಿದವರಲ್ಲ. ಗೊತ್ತಿಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ. ಚೀಲ ಹೆಗಲಿಗೇರಿಸಿ, "ಅದೆಲ್ಲ ಮೇಲಿನವರಿಗೇ ಗೊತ್ತು ಕಣಮ್ಮ" ಎಂದು ಗಂಭೀರವಾಗಿ ಹೊರಟುಹೋದಳು.

ಅವಳು ಹೇಳಿದ್ದು ಕಾರ್ಖಾನೆಯ ದೊಡ್ಡ ಸಾಹೇಬರನ್ನು. ನರ್ಸಮ್ಮ ಕತ್ತೆತ್ತಿ ನೋಡಿದ್ದು ಮೇಲಿನ ಮಹಡಿಯ ಬಾಗಿಲನ್ನು.

ಅಲ್ಲಿದ್ದವರು ರೈಲು ನಿಲ್ದಾಣದ ಮೈಕಿನಲ್ಲಿ ಗಾಡಿಗಳ ವೇಳೆ ಹೇಳಿ ಹೇಳಿ ನಿವೃತ್ತರಾದ ಯಜಮಾನರು, ಎಲ್ಲರ ಬಾಯಲ್ಲಿ ಮೈಕಣ್ಣ. ಈಗ ಅವರ ಮಾತು ಕೇಳುವವಳು ಹೆಂಡತಿ ಒಬ್ಬಳೇ, ಅದೂ ಕಿವಿಗೆ ಹತ್ತಿ ಇಟ್ಟುಕೊಂಡು.

ಇತ್ತ ಕಾರ್ಖಾನೆಯಲ್ಲಿ ಮ್ಯಾನೇಜರು ಹೊಲಿಗೆಯಕ್ಕನನ್ನು ಕರೆದರು. "ನೋಡಮ್ಮ, ಖಾಯಂ ಹುದ್ದೆ ಒಂದೇ ಒಂದು ಬಂದಿದೆ. ನಿಮಗೇ ಕೊಡಬೇಕು ಅಂತಿದ್ದೀನಿ. ಆದ್ರೆ ಎಂಜಿನ್ ವಿಷಯ ಹೊರಗೆ ಒಂದು ಮಾತು ಹೋದ್ರೂ ಆ ಹುದ್ದೆ ಮರೆತುಬಿಡಿ."

ಎಷ್ಟೋ ವರ್ಷಗಳಿಂದ ಅವಳು ಹಂಗಾಮಿ. ಮನೆಯಲ್ಲೂ ಅಷ್ಟೇ, ಹೊಸದರಲ್ಲಿ ಅತ್ತೆ "ಸದ್ಯಕ್ಕೆ ಇಲ್ಲಿ ಇಟ್ಕೋ" ಎಂದು ತೋರಿಸಿದ ಅರ್ಧ ಕಪಾಟಿನಲ್ಲೇ ಅವಳ ಬಟ್ಟೆಗಳು ಹಳತಾಗಿದ್ದವು. ಖಾಯಂ ಎನ್ನುವ ಪದವನ್ನು ಮಿಠಾಯಿಯಂತೆ ಬಾಯಲ್ಲಿಟ್ಟು ಚಪ್ಪರಿಸುತ್ತ ಸಂಜೆ ಮನೆಗೆ ಬಂದಳು.

ಬಂದರೆ ಅಂಗಳದ ತುಂಬ ಜನ. ಮೆಟ್ಟಿಲ ಮೇಲೆ ಮೈಕಣ್ಣ, ಬಾಯಿಯ ಮುಂದೆ ಸೌಟು ಹಿಡಿದು ನಿಂತಿದ್ದರು.

"ದಯವಿಟ್ಟು ಗಮನಿಸಿ! ಈ ಎಂಜಿನ್ನು ಚಂದ್ರನಲ್ಲಿಗೆ ಹೋಗುವುದಿಲ್ಲ. ಭೂಮಿಯನ್ನೇ ಒಂಚೂರು ಪಕ್ಕಕ್ಕೆ ತಳ್ಳುತ್ತದೆ! ಇನ್ನು ಮುಂದೆ ಬೇಸಿಗೆ ತಡವಾಗಿ ಆಗಮಿಸಿ ಬೇಗ ನಿರ್ಗಮಿಸುತ್ತದೆ! ಅಡಚಣೆಗಾಗಿ ವಿಷಾದಿಸುತ್ತೇವೆ!"

"ಸ್ವಲ್ಪ ಎಡಕ್ಕೆ ತಳ್ಳೋಕೆ ಹೇಳಿ ಯಜಮಾನ್ರೇ" ಎಂದಳು ನರ್ಸಮ್ಮ. "ನನ್ನ ಬಾಲ್ಕನೀಲಿ ಬಟ್ಟೆ ಒಣಗೋದೇ ಇಲ್ಲ."

"ಎಡಕ್ಕೂ ಬೇಡ ಬಲಕ್ಕೂ ಬೇಡ!" ಎಂದು ಮೂಲೆಯಂಗಡಿಯವನು ಎಗರಿಬಿದ್ದ. "ಬೇಸಿಗೆ ಬೇಗ ಹೋದ್ರೆ ನನ್ನ ಐಸ್‌ಕ್ರೀಂ ನೀವು ತಿಂತೀರಾ?"

ಅತ್ತೆಯವರಂತೂ ಮುಂದೆಯೇ ಕುರ್ಚಿ ಹಾಕಿಕೊಂಡಿದ್ದರು. "ತಳ್ಳೋ ಮುಂಚೆ ಒಂದು ಮಾತು ಹೇಳ್ಬೇಕಪ್ಪ. ಗಾಜಿನ ಸಾಮಾನು ಕೆಳಗಿಡಬೇಕು."

ಹೊಲಿಗೆಯಕ್ಕನ ಬಾಯಲ್ಲಿದ್ದ ಮಿಠಾಯಿ ಕಹಿಯಾಯಿತು. "ನಿಮ್ಮ ದಮ್ಮಯ್ಯ, ನಿಲ್ಲಿಸಿ! ಇದನ್ನೆಲ್ಲ ನಿಮಗೆ ಹೇಳಿದ್ದು ಯಾರು?"

"ನೀವೇ ಅಲ್ವೇನಮ್ಮ, ಮೇಲಿನವರಿಗೇ ಗೊತ್ತು ಅಂದಿದ್ದು? ಬೆಳಿಗ್ಗೆಯಿಂದ ಜನ ಬಂದು ಕೇಳ್ತಿದ್ದಾರೆ. ನೀವಿಟ್ಟ ನಂಬಿಕೆ ಉಳಿಸ್ಕೋಬೇಕಲ್ಲ! ಊಟ ಬಿಟ್ಟು ಯೋಚನೆ ಮಾಡಿದೆ."

ಅಷ್ಟರಲ್ಲಿ ಗೇಟಿನ ಮುಂದೆ ಜೀಪು ನಿಂತಿತು. ಮ್ಯಾನೇಜರು ಇಳಿದವರೇ ಗುಡುಗಿದರು: "ಭೂಮೀನ ಯಾವತ್ತು ತಳ್ತೀರಿ ಅಂತ ಮಧ್ಯಾಹ್ನದಿಂದ ನನ್ನ ಫೋನು ಬಡ್ಕೊಳ್ತಿದೆ! ಸುದ್ದಿ ಹೊರಟಿದ್ದು ಈ ಮನೆಯಿಂದಲೇ ಅಂತೆ, ಯಾರು ಹಬ್ಬಿಸಿದ್ದು ಇದನ್ನ?"

ಮೈಕಣ್ಣ ಸೌಟನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. ಅದನ್ನು ನೋಡಿ ಹೊಲಿಗೆಯಕ್ಕನಿಗೆ ಏನನ್ನಿಸಿತೋ, ಅವರ ಮುಂದೆ ಹೋಗಿ ನಿಂತಳು. ತನ್ನ ಹಾಗೆಯೇ ಅವರಿಗೂ ಇವತ್ತೊಂದು ದಿನ ಯಾರೋ ಏನೋ ಕೇಳಿದ್ದರು, ಅಷ್ಟೇ ತಾನೆ?

"ಬಾಯಿಬಿಟ್ಟಿದ್ದು ನಾನೇ ಸಾರ್. ಇವರದೇನೂ ತಪ್ಪಿಲ್ಲ. ಆದ್ರೆ ಗುಟ್ಟು ಹೇಳಿಲ್ಲ. ಅದು ಯಾತಕ್ಕೆ ಅಂತ ನನಗೆ ಗೊತ್ತೇ ಇಲ್ಲ!"

ಮ್ಯಾನೇಜರು ಅವಳನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು. "ನನಗೆ ಮಾತ್ರ ಗೊತ್ತಾ? ದೊಡ್ಡದು ಮಾಡಿ ಅಂದ್ರು, ಮಾಡಿದ್ವಿ. ಯಾಕೆ ಅಂತ ಕೇಳೋಕೆ ಎಲ್ಲರಿಗೂ ನಾಚಿಕೆ. ಅದಕ್ಕೇ ಅಲ್ವಾ ಬಾಯಿ ಬಿಡಬೇಡಿ ಅಂದಿದ್ದು!"

ಆಮೇಲೆ ಮೈಕಣ್ಣನ ಕೈ ಹಿಡಿದು ಕುಲುಕಿದರು. "ನೀವು ಹೇಳಿದ್ದು ಫೋನಲ್ಲಿ ಕೇಳಿ ಕೇಳಿ ನನಗೇ ನಂಬಿಕೆ ಬಂತು ಯಜಮಾನ್ರೇ. ವಯಸ್ಸಿನ ಮಾತು ಬಿಡಿ, ನಾಳೆಯಿಂದ ನೀವೇ ಕಾರ್ಖಾನೆಯ ವಕ್ತಾರರು. ಖಾಯಂ!"

"ಸಾರ್," ಎಂದಳು ಹೊಲಿಗೆಯಕ್ಕ, "ಖಾಯಂ ಇದ್ದಿದ್ದು ಒಂದೇ ಅಲ್ವಾ?"

"ಹೌದಮ್ಮ. ಈಗ ಅದೂ ತುಂಬಿತು" ಎಂದು ಅವರು ಜೀಪು ಹತ್ತಿದರು.

ಜನ ಚಪ್ಪಾಳೆ ತಟ್ಟಿದರು. ಅಳಬೇಕೆಂದುಕೊಂಡ ಹೊಲಿಗೆಯಕ್ಕನಿಗೆ ಹೊಟ್ಟೆಯೊಳಗಿಂದ ನಗು ಉಕ್ಕಿತು. ಮೈಕಣ್ಣ ಹತ್ತಿರ ಬಂದು ಸಂಕೋಚದಿಂದ ಕೇಳಿದರು: "ಬೆಳಿಗ್ಗೆಗೆ ಒಂದು ಕೋಟು ಆಗುತ್ತೇನಮ್ಮ?"

ಅವಳು ಚೀಲದಿಂದ ಟೇಪು ತೆಗೆದು, ಹೆಮ್ಮೆಗೆ ಉಬ್ಬಿದ್ದ ಅವರ ಹೊಟ್ಟೆಗೆ ಸುತ್ತಿ ನೋಡಿದಳು. ತುದಿಗೆ ತುದಿ ಮುಟ್ಟಲಿಲ್ಲ.

"ಸ್ವಲ್ಪ ಉಸಿರು ಬಿಡಿ ಯಜಮಾನ್ರೇ," ಎಂದಳು, "ಎಂಜಿನ್ನಿಗೂ ಇಷ್ಟು ಬಟ್ಟೆ ಹಿಡೀಲಿಲ್ಲ."