ಸಿಮೆಂಟಿನ ಹೆಂಗಸಿಗೆ ಉಡಿ

ಭೋಂ... ದಾಂಡೇಲಿಯ ಕಾಗದದ ಮಿಲ್ಲಿನ ಭೋಂಗಾ ಊದಿತೆಂದರೆ ಊರಿಗೆ ಊರೇ ಗಡಿಯಾರ ಸರಿಮಾಡಿಕೊಳ್ಳುತ್ತಿತ್ತು. ಅಂಬೇವಾಡಿಯ ನಮ್ಮ ಮನೆಯಲ್ಲಿ ಮಾತ್ರ ಅತ್ತೆ ತನ್ನ ವಾಚು ನೋಡಿ, ಮಿಲ್ಲು ಇವತ್ತೂ ಐದು ನಿಮಿಷ ಲೇಟು ಎಂದು ತೀರ್ಪು ಕೊಡುತ್ತಿದ್ದಳು. ಇಂಥವಳು ಜಗತ್ತಿನಲ್ಲಿ ಯಾರಿಗಾದರೂ ಅಂಜಿಯಾಳೇ? ನಾನಂತೂ ಇಲ್ಲವೆಂದೇ ನಂಬಿದ್ದೆ.

ಅಪ್ಪನ ಅಕ್ಕ ಅವಳು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದವಳು. ಮನೆಯಲ್ಲಿ ಎಲ್ಲರಿಗೂ ಅವಳದೇ ಆರ್ಡರ್! ಆದರೆ ಮುತ್ತೈದೆಯರ ಸೆರಗಿಗೆ ರವಿಕೆಯ ಖಣ, ತೆಂಗಿನಕಾಯಿ, ಅಕ್ಕಿ ಹಾಕಿ ಉಡಿ ತುಂಬುವ ಹೊತ್ತು ಬಂತೆಂದರೆ ಸುಮ್ಮನೆ ಅಡುಗೆಮನೆ ಸೇರುತ್ತಿದ್ದಳು. ವಿಧವೆ ಉಡಿ ತುಂಬುವಂತಿಲ್ಲ, ತುಂಬಿಸಿಕೊಳ್ಳುವಂತೆಯೂ ಇಲ್ಲ. ಅಂದು ಪಾತ್ರೆಗಳ ಸದ್ದು ಸ್ವಲ್ಪ ಜಾಸ್ತಿ!

ಎಪ್ಪತ್ತರ ದಶಕದ ಕೊನೆ. ಕಾನ್ವೆಂಟಿನ ಸಿಸ್ಟರುಗಳು ತಿದ್ದಿ ತೀಡಿದ ಗ್ರೇಸ್ ಸಮೇತ ನನ್ನನ್ನು ಮುಂಡಗೋಡದ ದೊಡ್ಡಪ್ಪನ ಮನೆಯಲ್ಲಿ ವರನ ಕಡೆಯವರಿಗೆ ತೋರಿಸುವುದಿತ್ತು. ಅಮ್ಮನಿಗೆ ಜ್ವರ. ಅಪ್ಪ, ಅತ್ತೆ, ನಾನು ಬಾಡಿಗೆ ಅಂಬಾಸಿಡರ್ ಹತ್ತಿದೆವು. ಸ್ಟೇರಿಂಗಿಗೆ ಗ್ಯಾರೇಜಿನ ಚಾಚಾ. ವರನ ತಾಯಿಗೆ ತುಂಬುವ ಉಡಿಯ ಸಾಮಾನೆಲ್ಲ ಅತ್ತೆಯ ತೊಡೆಯ ಮೇಲೆ. ದೊಡ್ಡಮ್ಮ ತುಂಬುತ್ತಾಳೆ, ನೀನು ಚೀಲ ಹಿಡಿದರೆ ಸಾಕು ಎಂದು ಅಪ್ಪ ಮೊದಲೇ ಎಚ್ಚರಿಸಿದ್ದ.

ಹಳಿಯಾಳ ದಾಟಿದ್ದೇ ಅತ್ತೆ ಕಾರು ತಿರುಗಿಸಲು ಹೇಳಿದಳು. ಊರೆಲ್ಲ ಬೈಯುತ್ತಿದ್ದ ಆ ಮೂರ್ತಿಯನ್ನು ನೋಡಲೇಬೇಕಂತೆ! ಯಾರೋ ಕಲಾವಿದ ಒಳದಾರಿಯಲ್ಲಿ ಮಾಳಿಗೆಮನೆಯೆತ್ತರದ ಸಿಮೆಂಟಿನ ಹೆಂಗಸನ್ನು ನಿಲ್ಲಿಸಿದ್ದ. ತಲೆಯ ಮೇಲೆ ಕಟ್ಟಿಗೆ ಹೊರೆ, ಮೊಣಕಾಲಿನ ಮೇಲೆ ಸೀರೆ, ರವಿಕೆ ಇಲ್ಲ. ಸ್ಕ್ಯಾಂಡಲ್! ಊರ ಹಿರಿಯರು ಅವಳಿಗೆ ಲಾರಿಗೆ ಹೊದಿಸುವ ತಾಡಪತ್ರಿ ಹೊದಿಸಿ, ಮರುದಿನ ಒಡೆಯುವುದೆಂದು ನಿಶ್ಚಯಿಸಿದ್ದರು.

ಲೇಟಾಗುತ್ತದೆ ಎಂದು ಅಪ್ಪ ಗೊಣಗಿದ.

“ನಾವು ಭೋಂಗಾಕ್ಕಿಂತ ಐದು ಮಿನಿಟ್ ಮುಂದ ಅದೀವಿ, ತಮ್ಮಾ,” ಎಂದಳು ಅತ್ತೆ.

ಚಾಚಾ ಕನ್ನಡಿಯಲ್ಲಿ ಅವಳ ಮುಖ ನೋಡಿ ಸ್ಟೇರಿಂಗ್ ತಿರುಗಿಸಿದ. ಬುದ್ಧಿವಂತ!

ಮೂರ್ತಿಯ ಬುಡದಲ್ಲಿ ಕರಿಟೋಪಿಯ ಯಜಮಾನರೊಬ್ಬರು ಕೊಡೆ ಹಿಡಿದು ಕಾವಲಿದ್ದರು. ಹೆಣ್ಣುಮಕ್ಕಳು ನೋಡುವಂಥದ್ದಲ್ಲ ಎಂದರು. ಅತ್ತೆ ಹಗ್ಗ ಜಗ್ಗಿದಳು. ತಾಡಪತ್ರಿ ಸರ್ರನೆ ಜಾರಿ ಯಜಮಾನರ ಕೊಡೆಯ ಮೇಲೇ ಬೀಳಬೇಕೇ!

“ಜೋಯಿಡಾದ ಸಂತಿಗೆ ಹೆಣ್ಣಮಕ್ಕಳು ಹಿಂಗ ಉಟ್ಟಕೊಂಡ ಬರ್ತಾರಲ್ಲರೀ. ಅವರನ್ನೂ ಒಡೀತೀರೇನು?”

ತಾಡಪತ್ರಿಯೊಳಗಿಂದ ಏನೋ ಉತ್ತರ ಬಂತು.

“ರವಿಕಿ ಇಲ್ಲಂತ ಬೈಯಾಕ ಊರೆಲ್ಲಾ ಬಂತು. ಒಂದ ಖಣಾ ತಂದವರು ಯಾರೂ ಇಲ್ಲ.”

ಚೀಲ ಬಿಚ್ಚಿಯೇಬಿಟ್ಟಳು. ಸಿಮೆಂಟಿನ ಪಾದದ ಮೇಲೆ ಅಕ್ಕಿ ಸುರಿದು, ಖಣ, ಕಾಯಿ ಇಟ್ಟು, ಹಣೆ ಎಟುಕದೆ ಕಾಲಿನ ಹೆಬ್ಬೆರಳಿಗೇ ಕುಂಕುಮ ಹಚ್ಚಿದಳು. ಹೊರಬಂದ ಯಜಮಾನರು ಅವಳ ಬರಿ ಹಣೆ ನೋಡಿ, ವಿಧವೆ ಉಡಿ ತುಂಬುವುದುಂಟೇ ಎಂದು ಹೌಹಾರಿದರು.

“ಆಕಿಗೂ ಗಂಡ ಇಲ್ಲ, ನನಗೂ ಇಲ್ಲ. ನಡುವ ನಿಮಗೇನ್ ತ್ರಾಸು?”

ಮುಂಡಗೋಡದಲ್ಲಿ ನಾನು ಚಹಾದ ಟ್ರೇ ಹಿಡಿದು ಗ್ರೇಸ್‌ಫುಲ್ಲಾಗಿ ನಿಂತಿದ್ದಾಗ ಜೀಪಿನಿಂದ ವರನ ತಂದೆ ಇಳಿದರು. ಕರಿಟೋಪಿ, ಮುರಿದ ಕೊಡೆ! ಸಂಬಂಧ ಅಲ್ಲೇ ಮುರಿಯಿತು, ಮರುದಿನ ಮೂರ್ತಿಯೂ. ಅಪ್ಪ ದೀಪಾವಳಿಯವರೆಗೆ ಅಕ್ಕನ ಜೊತೆ ಮಾತು ಬಿಟ್ಟ. ಅತ್ತೆಗೆ ರವಷ್ಟೂ ಪಶ್ಚಾತ್ತಾಪವಿಲ್ಲ. ನನಗೂ, ಆನೆಸ್ಟ್ಲಿ, ಇರಲಿಲ್ಲ.

ಅವಳನ್ನು ಕಡೆಯ ಸಲ ಕಂಡದ್ದು ಹಳಿಯಾಳದ ಬಸ್‌ಸ್ಟ್ಯಾಂಡಿನಲ್ಲಿ. ಆಗ ನಾನು ಮದುವೆಯಾಗಿ ಅಲ್ಲೇ ಟೀಚರಾಗಿದ್ದೆ. ನಮ್ಮಲ್ಲಿ ನಾಲ್ಕು ದಿನ ಇದ್ದು ದಾಂಡೇಲಿಗೆ ಹೊರಟಿದ್ದಳು. ಬಸ್ಸು ಹತ್ತುವ ಮುಂಚೆ ನಾನು ಚೀಲದಿಂದ ಖಣ, ಕಾಯಿ ತೆಗೆದೆ.

“ಅತ್ತಿ, ಸೆರಗು ಹಿಡಿ.”

ಮಿಲ್ಲಿನ ಭೋಂಗಾಕ್ಕೇ ತಪ್ಪು ಹಿಡಿದವಳು ಮೆಲ್ಲಗೆ ಸುತ್ತ ನೋಡಿದಳು. “ಬ್ಯಾಡ ಬೇಬಿ. ಮಂದಿ ನೋಡ್ತಾರ.”

“ನೋಡ್ಲಿ.”

ಬಸ್ಸು ಹೊರಟಾಗ ಕಿಟಕಿಯಲ್ಲಿದ್ದಳು. ಟಾಟಾ ಮಾಡಲಿಲ್ಲ. ಎರಡೂ ಕೈಯಲ್ಲಿ ಉಡಿ ಹಿಡಿದುಕೊಂಡಿದ್ದಳು.