ನಾಕ್ಸಾರನ ಮುಖವಾಡದೊಳಗೆ ನಾನು

ನನ್ನ ಮಗಳು ನಿಖಿತಾ ಎರಡು ವರ್ಷದಿಂದ ಒಬ್ಬನ ದಾರಿ ಕಾಯುತ್ತಿದ್ದಳು. ಗಾಬರಿಯಾಗಬೇಡಿ, ಮದುವೆಯ ಗಂಡಲ್ಲ. ಗಂಡಾಗಿದ್ದರೆ ಜಾತಕವನ್ನಾದರೂ ಕೇಳಬಹುದಿತ್ತು. ಇವನು ಆಸ್ಟ್ರಿಯಾನ್ ಎಂಬ ಮಹಾಪುರುಷ. ಸ್ಟೀಲು ಪಾತ್ರೆಯ ಬಣ್ಣದ ಬಿಗಿ ಅಂಗಿ ತೊಟ್ಟು ಆಕಾಶದಲ್ಲಿ ಹಾರುತ್ತಾನೆ. ಊರು ಕೆಡಿಸುವವರನ್ನು ಹಿಡಿಯುವ ಭರದಲ್ಲಿ ತಾನೇ ಅರ್ಧ ಊರು ಕೆಡವುತ್ತಾನೆ. ಅವನ ಸೀರಿಯಲ್ಲು ಓಟಿಟಿಯಲ್ಲಿ ಬರುತ್ತದೆ, ಇನ್ನೇನು ಬಂದೇ ಬಿಟ್ಟಿತು ಎಂದು ಹೇಳುತ್ತಲೇ ಇದ್ದರು. ಡಿಸೆಂಬರ್ ಎಂದವರು ಮಾರ್ಚ್ ಎಂದರು, ಮಾರ್ಚ್ ಎಂದವರು 'ಶೀಘ್ರದಲ್ಲೇ' ಎಂದರು. ಒಂದೊಂದು ಸಲ ತಾರೀಕು ಮುಂದಕ್ಕೆ ಹೋದಾಗಲೂ ನಮ್ಮ ಮನೆಯಲ್ಲಿ ಸೂತಕದ ಕಳೆ. ಐವತ್ತು ಸೆಕೆಂಡಿನ ಟೀಸರನ್ನು ಅವಳು ಅದೆಷ್ಟು ಸಲ ನೋಡಿದ್ದಳೋ, ಟಿವಿಯ ರಿಮೋಟಿನಲ್ಲಿ ಒಂದು ಗುಂಡಿಯ ಗುರುತೇ ಅಳಿಸಿಹೋಗಿತ್ತು. ನಾನೊಮ್ಮೆ ಹನ್ನೊಂದು ದಿನ ಊರಿಗೆ ಹೋಗಿ ವಾಪಸು ಬಂದಾಗ ಇದೇ ಮಗಳು ತಲೆ ಎತ್ತಿ, "ಓ, ನೀಂಗ ಊರುಲ ಇಲ್ಲಿಯಾ?" ಎಂದು ತಮಿಳಿನಲ್ಲಿ ಕೇಳಿದ್ದಳು. ನಾನು ಮನೆಯಲ್ಲಿ ಇರಲಿಲ್ಲವೆಂಬುದೇ ಅವಳಿಗೆ ಹೊಸ ಸುದ್ದಿ.

ನನ್ನ ಪರಿಚಯ ಹೇಳಲಿಲ್ಲ. ರಘುರಾಮ, ಊರು ಕುಂದಾಪುರದ ಕಡೆ, ಚೆನ್ನೈನ ಎಗ್ಮೋರಿನಲ್ಲಿ ಮೂವತ್ತು ವರ್ಷದಿಂದ ಸಸ್ಯಾಹಾರಿ ಹೋಟೆಲು. ಹೋಟೆಲು ಕೆಳಗೆ, ಮನೆ ಮೇಲೆ. ಹೊಟ್ಟೆಪಾಡಿಗೆ ಹೋಟೆಲಿನವನಾದರೂ ಹುಟ್ಟಿನಿಂದ ನಾನು ಅರ್ಥಧಾರಿ. ಅಂದರೆ ತಾಳಮದ್ದಲೆಯಲ್ಲಿ ಮಾತಾಡುವವನು. ಯಕ್ಷಗಾನದ ವೇಷ, ಕುಣಿತ ಎಲ್ಲ ಬಿಟ್ಟು, ಬಿಳಿ ಪಂಚೆಯಲ್ಲಿ ಕುಳಿತು ಬರೀ ಮಾತಿನಲ್ಲೇ ಯುದ್ಧ ಮಾಡುವ ಕಲೆ ಅದು. ಬರೆದ ಮಾತು ಒಂದೂ ಇಲ್ಲ, ಎಲ್ಲವೂ ಸ್ಥಳದಲ್ಲೇ ಹುಟ್ಟಬೇಕು. ಚೆನ್ನೈ ಕನ್ನಡ ಸಂಘದ ವಾರ್ಷಿಕ ತಾಳಮದ್ದಲೆಯಲ್ಲಿ ಖಳನ ಪಾತ್ರ ಎಂದರೆ ರಘುರಾಮ. ಇದನ್ನು ನಾನೇ ಹೇಳಿಕೊಳ್ಳಬಾರದು. ಬೇರೆ ಯಾರೂ ಹೇಳುವುದಿಲ್ಲವಾದ್ದರಿಂದ ಹೇಳುತ್ತಿದ್ದೇನೆ.

ಆದರೆ ಮಗಳು ಒಂದು ದಿನವೂ ಬಂದು ಕೂತವಳಲ್ಲ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಂದ ಹೊರಡುವುದಿಲ್ಲ. ಎಲ್‌ಕೆಜಿಗೆ ಸೇರಿದ ಮೇಲೆ ನನ್ನೊಡನೆ ತಮಿಳು, ಇಲ್ಲವೇ ಇಂಗ್ಲಿಷು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ತಮಿಳಿನಲ್ಲಿ ಉತ್ತರಿಸುತ್ತಾಳೆ, ಅವಳಮ್ಮ ತುಂಗಾ ಇಬ್ಬರನ್ನೂ ಕುಂದಾಪುರದ ಭಾಷೆಯಲ್ಲಿ ಬೈಯುತ್ತಾಳೆ. ಹೀಗೆ ಸಂಸಾರ ನಡೆದಿತ್ತು. ನನಗೆ ಒಳಗೊಳಗೇ ಒಂದು ಸಂಕಟವಿತ್ತು, ಅದನ್ನು ನಾಚಿಕೆಯಿಲ್ಲದೆ ಹೇಳಿಬಿಡುತ್ತೇನೆ. ಆಸ್ಟ್ರಿಯಾನನ ಮುಂದೆ ಬಾಯಿಬಿಟ್ಟು ಕೂರುವ ಈ ಮಗಳು ಜೀವನದಲ್ಲಿ ಒಂದೇ ಒಂದು ಸಲ ನನ್ನ ಮಾತು ಕೇಳಿ ಹಾಗೆ ಕೂರಬೇಕು, ನನ್ನ ಹತ್ತಿರ ಒಂದಾದರೂ ಮಾತನ್ನು ಕನ್ನಡದಲ್ಲಿ ಆಡಬೇಕು.

ದೇವರು ಇದನ್ನು ಕೇಳಿಸಿಕೊಂಡ. ಕೋಡಂಬಾಕ್ಕಂನ ಒಂದು ಡಬ್ಬಿಂಗ್ ಸ್ಟುಡಿಯೋಗೆ ನಮ್ಮ ಹೋಟೆಲಿನಿಂದ ಮಧ್ಯಾಹ್ನದ ಕ್ಯಾರಿಯರ್ ಹೋಗುತ್ತದೆ. ಒಂದು ದಿನ ಜನ ಸಾಲದೆ ನಾನೇ ಒಯ್ದೆ. ಅಲ್ಲಿ ಮುಚ್ಚಳ ತೆಗೆದರೆ ಸಾಂಬಾರಿನ ಜಾಗದಲ್ಲೂ ರಸಂ! ಅಲ್ಲಿಂದಲೇ ಅಡುಗೆಮನೆಗೆ ಫೋನು ಮಾಡಿ ನಾಲ್ಕು ಮಾತಾಡಿದೆ. ಗಾಜಿನ ಬಾಗಿಲು ತೆರೆದು ಡಬ್ಬಿಂಗ್ ನಿರ್ದೇಶಕ ಸುಶಮೀಂದ್ರ ಓಡಿ ಬಂದರು. ರಾಯಚೂರಿನವರು.

"ಸರ, ಆ ದನಿ ನಿಮ್ಮದೇನ್ರಿ? ಹದಿನೈದು ದಿನಾತು, ನಾಕ್ಸಾರಗ ದನಿ ಹುಡುಕ್ಲಿಕ್ಕತ್ತೇನ್ರಿ!"

ನಾಕ್ಸಾರ್! ಆಸ್ಟ್ರಿಯಾನನ ಪರಮವೈರಿ! ಮೈತುಂಬ ಕಪ್ಪು ಕವಚ, ಮುಖಕ್ಕೆ ಕಬ್ಬಿಣದ ಮುಖವಾಡ, ಜಗತ್ತನ್ನು ಬೂದಿ ಮಾಡುವುದೇ ಉದ್ಯೋಗ. ಅವನ ಕನ್ನಡ ಅವತರಣಿಕೆಗೆ ನನ್ನ ಕಂಠ! ಎಲ್ಲಿ ಸಹಿ ಮಾಡಲಿ ಎಂದೆ. ಯಾರಿಗೂ ಒಂದಕ್ಷರ ಹೇಳುವುದಿಲ್ಲ ಎಂಬ ನಾಲ್ಕು ಪುಟದ ಕರಾರಿಗೆ ಸಹಿ ಹಾಕಿಸಿಕೊಂಡರು. ನಾನು ಪ್ರಾಣ ಹೋದರೂ ಹೇಳುವವನಲ್ಲ. (ಅಂದೇ ಸಂಜೆ ತುಂಗಾಗೆ ಹೇಳಿದೆ. ಹೆಂಡತಿಗೆ ಹೇಳಿದರೆ ಅದು ಹೇಳಿದ ಲೆಕ್ಕಕ್ಕೆ ಬರುವುದಿಲ್ಲ.)

ಮೊದಲ ದಿನ ಒಳಗೆ ಹೋದರೆ ಪರದೆ ಪೂರ್ತಿ ಕಪ್ಪು. ಗುಟ್ಟು ಹೊರಗೆ ಹೋಗಬಾರದೆಂದು ನಾಕ್ಸಾರನ ತಲೆ ಇರುವಷ್ಟು ಜಾಗ ಮಾತ್ರ ಕಾಣುವಂತೆ ಮಾಡಿದ್ದರು. ಸುತ್ತ ಏನು ನಡೆಯುತ್ತಿದೆ, ಯಾರಿದ್ದಾರೆ, ಮುಂದೇನಾಗುತ್ತದೆ, ಒಂದೂ ತಿಳಿಯದು. ಕಾಗದದಲ್ಲಿ, 'ನಿನ್ನ ಅಂತ್ಯ ಸಮೀಪಿಸಿದೆ, ಆಸ್ಟ್ರಿಯಾನ್' ಎಂದಿತ್ತು. ಇಷ್ಟೇನಾ? ನಾನು ಗಂಟಲು ಸರಿಮಾಡಿಕೊಂಡು ಶುರುಮಾಡಿದೆ. "ಎಲವೋ ಆಸ್ಟ್ರಿಯಾನಾ! ಆಕಾಶದಲ್ಲಿ ಹಾರಿದ ಮಾತ್ರಕ್ಕೆ ವೀರನಾಗುವುದಾದರೆ ಕಾಗೆಗೂ ಪಟ್ಟಾಭಿಷೇಕ ಮಾಡಬೇಕಾದೀತು. ಅಂತ್ಯವೆಂದರೇನು? ಆದಿಯುಳ್ಳದ್ದಕ್ಕೆ ತಾನೇ ಅಂತ್ಯ? ಹಾಗಾದರೆ ಮೊದಲು ನಿನ್ನ ಆದಿಯನ್ನು ವಿಚಾರಿಸೋಣ..." ಎಂದು ನಾಲ್ಕು ನಿಮಿಷ ನಡೆಸಿ, ಎದುರಾಳಿಯ ಉತ್ತರಕ್ಕಾಗಿ ನಿಲ್ಲಿಸಿದೆ.

"ಆಸ್ಟ್ರಿಯಾನನ ಪಾತ್ರಧಾರಿ ಎಲ್ಲಿ ಸ್ವಾಮಿ? ನನ್ನ ಪ್ರಶ್ನೆಗೆ ಉತ್ತರ ಕೊಡಬೇಕಲ್ಲ?"

"ಅವರು ಹೋದ ವಾರನ ತಮ್ಮದು ಮುಗಿಸಿ ಹೋದ್ರಿ," ಎಂದರು ಸುಶಮೀಂದ್ರ ಹೆಡ್‌ಫೋನಿನಲ್ಲಿ. "ಮತ್ತ ಸರ, ನೀವು ಅವನ ಆದಿ ವಿಚಾರಿಸ್ಲಿಕ್ಕತ್ತಾಗ ನಾಕ್ಸಾರ್ ಹೆಲಿಕಾಪ್ಟರ್ ಹತ್ತಿ ಹೋಗಿ ಎರಡು ನಿಮಿಷಾಗಿತ್ರಿ."

ಆದರೂ ನನ್ನನ್ನು ಬಿಡಲಿಲ್ಲ. ಮುಖವಾಡದಲ್ಲಿ ತುಟಿ ಕಾಣುವುದಿಲ್ಲವಲ್ಲ, ಹೆಲಿಕಾಪ್ಟರ್ ಹತ್ತುವವರೆಗೆ ಏನು ಬೇಕಾದರೂ ತುಂಬಿಸಬಹುದು. ಕಾಗೆಯ ಪಟ್ಟಾಭಿಷೇಕ ಉಳಿಯಿತು. ಸುಶಮೀಂದ್ರರೇ ನಕ್ಕು ನಕ್ಕು ಅದನ್ನು ಉಳಿಸಿಕೊಂಡರು.

ಮೂರನೆಯ ದಿನ ನಾನು ಕಷಾಯದ ಫ್ಲಾಸ್ಕು ಮನೆಯಲ್ಲೇ ಬಿಟ್ಟು ಬಂದಿದ್ದೆ. ತುಂಗಾ ಅದನ್ನು ಹಿಡಿದು ಆಟೋದಲ್ಲಿ ಬಂದವಳು, ಸ್ಟುಡಿಯೋದ ಪಡಸಾಲೆಯಲ್ಲೇ ನನ್ನನ್ನು ಹಿಡಿದಳು.

"ಎಂತ ಮಾರಾಯ್ರೆ, ಕಷಾಯ ಮಾಡಿ ಕೈಗೆ ಕೊಟ್ರೂ ತಕಂಬುಕೆ ಆಯ್ಲಿಲ್ಯಾ? ಒಲೆ ಮೇಲೆ ಹಾಲಿಟ್ಟ್ ಹೋಯ್ದ್ರಿ, ಉಕ್ಕಿ ಗ್ಯಾಸೇ ನಂದಿ ಹೋಯ್ತ್! ಮನೇಲಿ ಒಲೆ ಆರ್‍ಸುಕೆ ಬಾರ್ದವ್ರ್ ಇಲ್ಲಿ ಲೋಕ ಸುಡುಕೆ ಹೊರಟದ್ದಾ?"

"ಮೆಲ್ಲಗೆ ಮಾರಾಯ್ತಿ, ರೆಕಾರ್ಡಿಂಗ್ ನಡೀತಾ ಉಂಟು."

"ಆಯ್ಲಿ, ರೆಕಾರ್ಡೇ ಆಯ್ಲಿ!"

ಸುಶಮೀಂದ್ರ ಗಾಜಿನ ಬಾಗಿಲು ತೆರೆದು ಓಡಿ ಬಂದರು. ಆಮೇಲೆ ಕುರ್ಚಿ ಹಾಕಿಸಿ, ಕಾಫಿ ತರಿಸಿ, "ಅಕ್ಕಾರ, ಕೂಡ್ರಿ" ಎಂದರು. ನನ್ನಂಥ ಕಲಾವಿದನ ಹೆಂಡತಿಗೆ ಸಿಗುವ ಮರ್ಯಾದೆ ನೋಡಿ ನನಗೆ ಎದೆ ಉಬ್ಬಿತು. ನಾಲ್ಕು ದಿನದಲ್ಲಿ ನನ್ನ ಕೆಲಸ ಮುಗಿಯಿತು. ಉಳಿದ ಭಾಗಗಳ ಬಗ್ಗೆ ಕೇಳಿದೆ. "ನಿಮ್ಮದು ಇಷ್ಟರಿ ಸರ" ಎಂದರು. ಒಂದೇ ಕಂತಿನಲ್ಲಿ ಇಡೀ ಕಥೆಗೆ ಸಾಕಾಗುವಷ್ಟು ಮಾತು ತುಂಬಿಸಿದ್ದೇನೆ, ಇನ್ನುಳಿದದ್ದು ಬರೀ ಹೊಡೆದಾಟ ಎಂದು ತಿಳಿದುಕೊಂಡೆ.

ಇತ್ತ ಮನೆಯಲ್ಲಿ ಮಗಳ ಅಭಿಮಾನಿ ಬಳಗದಲ್ಲಿ ಮಹಾಚರ್ಚೆ: ಮುಖವಾಡದ ಹಿಂದೆ ಯಾರು? ನಿಖಿತಾ ಟೀಸರನ್ನು ನಿಲ್ಲಿಸಿ, ನಾಕ್ಸಾರ್ ಮೆಟ್ಟಿಲಿಳಿಯುವ ರೀತಿ ತೋರಿಸಿ, ಅದು ಖಂಡಿತ ಹೆಂಗಸು ಎಂದು ವಾದಿಸಿದಳು. ನನಗೆ ನಗು ತಡೆಯಲಾಗಲಿಲ್ಲ.

"ಬರೆದಿಟ್ಕೋ. ಗಂಡಸು. ಐವತ್ತು ದಾಟಿದವನು. ಗಂಟಲು ಪಳಗಿದ ಗಂಡಸು."

"ಉಂಗಳುಕ್ಕು ಎಪ್ಪಡಿ ತೆರಿಯುಂ?"

ನಿಮಗೆ ಹೇಗೆ ಗೊತ್ತು ಎಂದು ಕೇಳಿದಳು! ಹೇಳಲು ನಾಲಿಗೆಯ ತುದಿಗೆ ಬಂದಿತ್ತು. "ಅನುಭವ" ಎಂದಷ್ಟೇ ಹೇಳಿ ಮೀಸೆ ತಿರುವಿದೆ. "ಹೆಂಗಸಿಗೆ ಅಷ್ಟು ದರ್ಪ ಎಲ್ಲಿಂದ ಬರ್ಬೇಕು?"

ಬಸಳೆ ಸೊಪ್ಪು ಬಿಡಿಸುತ್ತಿದ್ದ ತುಂಗಾ, "ಹೌದೌದ್" ಎಂದಳು. ಅವಳು ನನ್ನ ಮಾತಿಗೆ ಇಷ್ಟು ಬೇಗ ಒಪ್ಪಿದ್ದು ನನ್ನ ನೆನಪಿನಲ್ಲಿ ಅದೇ ಮೊದಲು.

ಕೊನೆಗೂ ತಾರೀಕು ಬಂತು. ಶುಕ್ರವಾರ ಮಧ್ಯಾಹ್ನ ಹನ್ನೆರಡೂವರೆ. ಕೆಳಗೆ ಮೀಲ್ಸ್‌ಗೆ ಜನ ಮುಗಿಬೀಳುವ ಹೊತ್ತು. ಮೂವತ್ತು ವರ್ಷದಲ್ಲಿ ಮೊದಲ ಸಲ ಆ ಹೊತ್ತಿನಲ್ಲಿ ಗಲ್ಲಾ ಬಿಟ್ಟು ಮೇಲೆ ಬಂದೆ. ಮಗಳು ಕಾಲೇಜಿಗೆ ಚಕ್ಕರ್ ಹೊಡೆದಿದ್ದಳು. ಪಕ್ಕದ ಮನೆಯ ಲೀಲಮ್ಮನನ್ನೂ ಕನ್ನಡ ಸಂಘದ ಕಾರ್ಯದರ್ಶಿ ಶ್ರೀನಾಥರನ್ನೂ ನಾನೇ ಕರೆದಿದ್ದೆ. ಶ್ರೀನಾಥರು ಒಂದು ಶಾಲು ತಂದಿದ್ದರು. (ನಾನು ತರಲು ಹೇಳಿರಲಿಲ್ಲ. ಒಂದು ಶಾಲು ಕೈಯಲ್ಲಿದ್ದರೆ ಚೆಂದ ಎಂದಿದ್ದೆ, ಅಷ್ಟೇ.)

"ಕನ್ನಡದಲ್ಲಿ ಹಾಕು" ಎಂದೆ.

"ಅಯ್ಯೋ, ಡಬ್ಬಿಂಗಾ? ನೋ ವೇ! ರೆಂಡು ವರುಷಮಾ ವೆಯ್ಟ್ ಪಣ್ಣಿಯಿರುಕ್ಕೇನ್ ಪಾ!"

ಎರಡು ವರ್ಷ ಕಾದದ್ದು ಇದಕ್ಕಾ ಎಂದು ಅವಳಿಗೆ ಅಳುವೇ ಬಂದಿತ್ತು. ಆಗ ತುಂಗಾ, "ಹಾಕ್ ಮಗಾ, ಒಂದ್ ಸಲ ಕೇಂಬ" ಎಂದಳು. ಅಬ್ಬಾ, ಎಂಥ ಪತಿಭಕ್ತಿ ಎಂದುಕೊಂಡೆ.

ಆಸ್ಟ್ರಿಯಾನ್ ಹಾರಿದ. ಸೇತುವೆ ಕುಸಿಯಿತು. ಹೊಗೆಯೊಳಗಿಂದ ನಾಕ್ಸಾರ್ ಬಂದು ನಿಂತಾಗ ನಮ್ಮ ಹಾಲ್ ನಡುಗಿತು: "ಎಲವೋ ಆಸ್ಟ್ರಿಯಾನಾ!"

ನಿಖಿತಾಳ ಕೈಯಲ್ಲಿದ್ದ ಚಕ್ಕುಲಿ ಕೈಯಲ್ಲೇ ನಿಂತಿತು. ಪರದೆ ನೋಡಿದಳು, ನನ್ನನ್ನು ನೋಡಿದಳು. "ಅಪ್ಪಾ... ಇದು ನೀಂಗಳಾ?"

ನಾನೇ ಎಂದು ತಲೆಯಾಡಿಸಿದೆ. ಅವಳು ಬಾಯಿಬಿಟ್ಟು ಕೂತಳು. ನಿಜವಾಗಿ, ನಾನು ಕನಸು ಕಂಡ ಹಾಗೆಯೇ ಕೂತಳು! ಕಾಗೆಯ ಪಟ್ಟಾಭಿಷೇಕ ಬಂದಾಗ ಕಿಸಕ್ಕನೆ ನಕ್ಕು ನನ್ನ ತೋಳು ಹಿಡಿದುಕೊಂಡಳು. ಆ ತೋಳು ಈಗಲೂ ಬೆಚ್ಚಗಿದೆ ಎಂದರೆ ನೀವು ನಂಬುವುದಿಲ್ಲ. ಶ್ರೀನಾಥರು ಶಾಲಿನ ಮಡಿಕೆ ಬಿಚ್ಚಿದರು. ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. ಪ್ರತಿ ಮಾತಿಗೂ, ಇಲ್ಲಿ ಉಸಿರು ಹೇಗೆ ಹಿಡಿದೆ, ಇಲ್ಲಿ ಏಕೆ ಗುಡುಗಿದೆ ಎಂದು ವಿವರಣೆ ಕೊಡುತ್ತ ಹೋದೆ.

ಮೊದಲ ಕಂತಿನ ಕೊನೆ. ನಾಕ್ಸಾರ್ ಸಿಂಹಾಸನದಲ್ಲಿ ಕುಳಿತು ಎರಡೂ ಕೈಯಿಂದ ಮುಖವಾಡ ಕಳಚಿದ. ಕಳಚಿದ್ದಲ್ಲ, ಕಳಚಿದಳು! ನರೆತ ಜಡೆಯ, ಕಿಡಿಕಣ್ಣಿನ ಹೆಂಗಸು! ನಿಖಿತಾ ಸೋಫಾದ ಮೇಲೆ ಹತ್ತಿ, "ನಾನ್ ಸೊನ್ನೇನಲ್ಲ!" ಎಂದು ಕಿರುಚಿದಳು. ನಾನು ಹೇಳಿರಲಿಲ್ಲವಾ ಎಂಬ ಅವಳ ಕಿರುಚಾಟ ಮುಗಿಯುವ ಮೊದಲೇ ಆ ಹೆಂಗಸು ಬಾಯಿ ತೆರೆದಳು.

"ಸಾಕು ನಿಲ್ಲಿಸು ನಿನ್ನ ಪೌರುಷ! ನಿನ್ನಂಥವರನ್ನು ಕೂರಿಸಿ ಏಳಿಸಿದವಳು ನಾನು."

ಆ ದನಿ ನನಗೆ ಗೊತ್ತು. ಮದುವೆಯಾದಂದಿನಿಂದ ಗೊತ್ತು. ಕೋಣೆಯಲ್ಲಿದ್ದವರೆಲ್ಲ ತುಂಗಾ ಕಡೆ ತಿರುಗಿದರು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ಸ್ಟುಡಿಯೋದವ್ರೇ ಕರ್‍ದ್ರ್. ಬೈದ್ರೆ ತುಟಿಗೆ ಸರೀ ಕೂಕಂತ್ ಅಂದ್ರ್" ಎಂದಳು.

"ಎಷ್ಟು ಕಂತು?" ನಾನು ಕೇಳಿದೆ.

"ಉಳದ್ ಏಳೂ."

"ನನಗೆ ಯಾಕೆ ಹೇಳ್ಲಿಲ್ಲ?"

"ಯಾರಿಗೂ ಹೇಳುಕಾಗ ಅಂದೇಳಿ ಕಾಗ್ದದಲ್ ಬರ್‍ದಿತ್ತಲೆ. ನೀವ್ ಓದ್ಲಿಲ್ಯಾ?"

ತಿಂಗಳುಗಟ್ಟಲೆ ವಾರಕ್ಕೆ ಮೂರು ಸಲ ತರಕಾರಿಗೆಂದು ಕೋಯಂಬೇಡು ಮಾರ್ಕೆಟ್ಟಿಗೆ ಹೊರಡುತ್ತಿದ್ದವಳು ಹೋದದ್ದು ಕೋಡಂಬಾಕ್ಕಂಗೆ. ಸಂಜೆ ಚೀಲದಲ್ಲಿ ಬರುತ್ತಿದ್ದ ತರಕಾರಿ ನನ್ನದೇ ಹೋಟೆಲಿನ ಸ್ಟೋರಿನದ್ದು. ಅದನ್ನು ಹಿಡಿದು, ಕೋಯಂಬೇಡಿನ ಟೊಮೆಟೊ ಅಂದರೆ ಹೀಗಿರಬೇಕು ಎಂದು ಅಡುಗೆಯವರಿಗೆಲ್ಲ ತೋರಿಸಿದವನು ನಾನು. ಶ್ರೀನಾಥರು ಎದ್ದು ನನ್ನನ್ನು ಸುತ್ತು ಹಾಕಿ ಹೋಗಿ ಲೀಲಮ್ಮನ ಕೈಯಿಂದ ತುಂಗಾಗೆ ಶಾಲು ಹೊದಿಸಿದರು. ನಾನೂ ಚಪ್ಪಾಳೆ ತಟ್ಟಿದೆ.

ಎರಡನೆಯ ಕಂತು ಶುರುವಾಯಿತು. ಅವಳು ಚೆನ್ನಾಗಿ ಮಾತಾಡಿದ್ದಳು, ಸುಳ್ಳು ಯಾಕೆ ಹೇಳಲಿ, ನನಗಿಂತ ಚೆನ್ನಾಗಿ. ಆಸ್ಟ್ರಿಯಾನ್ ತಲೆ ತಗ್ಗಿಸಿ ನಿಂತಿದ್ದ, ನನಗೆ ಅವನ ಮೇಲೆ ಸ್ವಂತ ತಮ್ಮನ ಮೇಲಿನಷ್ಟು ಕನಿಕರ ಬಂತು. ಆದರೂ ಕಲೆಯ ದೃಷ್ಟಿಯಿಂದ ಒಂದೆರಡು ವಿಷಯ ಹೇಳಬೇಕಿತ್ತು. ಕುರ್ಚಿ ಮುಂದಕ್ಕೆಳೆದು, "ಈ ಜಾಗದಲ್ಲಿ ತುಂಗಾ ಸ್ವಲ್ಪ ತಗ್ಗಿನ ದನಿಯಲ್ಲಿ ಶುರುಮಾಡಿದ್ದರೆ..." ಎಂದು ಆರಂಭಿಸಿದೆ.

ನಿಖಿತಾ ಪರದೆಯಿಂದ ಕಣ್ಣು ಕೀಳದೆಯೇ ಕೈ ಅಡ್ಡ ಮಾಡಿದಳು.

"ಅಪ್ಪಯ್ಯ, ಸ್ವಲ್ಪ ಬಾಯ್ ಮುಚ್ಕಂಡ್ ಕೂಕಣಿ. ಅಮ್ಮ ಮಾತಾಡುದ್ ಕೇಂತಿಲ್ಲೆ."

ಒಂದಕ್ಷರ ತಮಿಳಿಲ್ಲ, ಇಂಗ್ಲಿಷಿಲ್ಲ. ಅಚ್ಚ ಕುಂದಾಪುರದ ಕನ್ನಡ, ಅವಳಮ್ಮನದೇ ರಾಗ. ನನಗೆ ಕಣ್ಣು ತುಂಬಿ ಬಂತು. ಏನಾದರೂ ಹೇಳಬೇಕೆನಿಸಿತು, ಆದರೆ ಅವಳ ಕೈ ಇನ್ನೂ ಹಾಗೇ ಇತ್ತು. ಬಾಯಿ ಮುಚ್ಚಿಕೊಂಡು ಕೂತೆ, ಏಳೂ ಕಂತು.